ಉತ್ತರದ ಪುಟಕ್ಕೆ ಪಿನ್ ಹೊಡೆಯಬೇಕಾ?

ಕಟಪಾಡಿ ಕಿಟ್ಟ: ಹಂಪನಕಟ್ಟೆ ಹತ್ತಿರ ಹಳೆ ಪುಸ್ತಕದ ಅಂಗಡಿಯಲ್ಲಿ 'ಕ್ಲೂ' ಸರಣಿಯ ಮೂರು ಪುಸ್ತಕ ಸಿಕ್ಕಿದವು. ಮಗಳಿಗೆ ಅಂತ ತಂದದ್ದು, ಓದಿದ್ದು ನಾನು. ಕೊಲೆಗಾರನನ್ನು ಪತ್ತೆ ಮಾಡುವ 'ಕ್ಲೂ' ಬೋರ್ಡ್ ಆಟದ ಪಾತ್ರಗಳೇ ಇದರಲ್ಲೂ: ಕರ್ನಲ್ ಮಸ್ಟರ್ಡ್, ಮಿಸ್ ಸ್ಕಾರ್ಲೆಟ್, ಪ್ರೊಫೆಸರ್ ಪ್ಲಮ್. ಕೆಲವೇ ಪುಟಗಳ ಕಥೆ, ಕೊನೆಗೆ ತಲೆಕೆಳಗಾಗಿ ಅಚ್ಚಾದ ಉತ್ತರ. ಇದನ್ನು ಪತ್ತೇದಾರಿ ಅನ್ನಲು ನನಗೆ ಮನಸ್ಸಿಲ್ಲ. ಆಟದಲ್ಲಿ 6 ಜನ, 6 ಆಯುಧ, 9 ಕೋಣೆ. ಕೊಂದದ್ದು ಯಾರು, ಯಾವುದರಿಂದ, ಎಲ್ಲಿ ಅನ್ನುವ ಮೂರು ಕಾರ್ಡ್ ಲಕೋಟೆಯಲ್ಲಿ ಅಡಗಿರುತ್ತವೆ; 324 ಜೋಡಣೆಗಳಲ್ಲಿ ಯಾವುದೂ ಇರಬಹುದು. ಯಾರು ಕಾರ್ಡ್ ತೋರಿಸಿದರು, ಯಾರು 'ನನ್ನಲ್ಲಿಲ್ಲ' ಅಂದರು ಅಂತ ಗುರುತು ಹಾಕುತ್ತಾ ಹೋಗಬೇಕು. ಪುಸ್ತಕದಲ್ಲಿ ಒಂದು ವಾಕ್ಯ ಕಣ್ಣಿಗೆ ಬಿದ್ದರೆ ಮುಗಿಯಿತು.

ಮಣಿಪಾಲದ ಅಮ್ಮ: ಮಕ್ಕಳ ಪುಸ್ತಕ ಮಾರಾಯ್ರೇ! ನನ್ನ ಮಗ ಹತ್ತು ಸಾಲು ಓದದವನು, ಇದನ್ನು ಮೂರು ಸಲ ಓದಿದ. ಉತ್ತರ ಇಣುಕುತ್ತಾನೆ ಅಂತ ಆ ಪುಟಗಳಿಗೆ ಸ್ಟೇಪ್ಲರ್ ಪಿನ್ ಹೊಡೆದೆ. ಮರುದಿನ ನೋಡಿದರೆ ಪುಟವನ್ನು ಕೊಳವೆಯ ಹಾಗೆ ಬಗ್ಗಿಸಿ, ಒಳಗೆ ಟಾರ್ಚ್ ಬಿಟ್ಟು ಓದುತ್ತಿದ್ದಾನೆ. ಪತ್ತೇದಾರಿ ಅಂದ್ರೆ ಅದೇ ಅಲ್ವಾ?

ಬಂದರಿನ ಬಾಲಣ್ಣ: ನನ್ನ ತಕರಾರು ಬೇರೆ. ಪ್ರತಿ ಪುಸ್ತಕದ ಕೊನೆಗೆ ಮನೆ ಯಜಮಾನ ಮಿಸ್ಟರ್ ಬಾಡಿ ಸಾಯುತ್ತಾನೆ, ಮುಂದಿನದರಲ್ಲಿ ಏನೋ ನೆಪ ಹೇಳಿಕೊಂಡು ಎದ್ದು ಬರುತ್ತಾನೆ. ಕೊಲೆಗೆ ಬೆಲೆಯೇ ಇಲ್ಲ.

ಕಟೀಲು ಕಡೆಯವಳು: ಯಕ್ಷಗಾನದ ದೇವಿಮಹಾತ್ಮೆಯ ಮಹಿಷಾಸುರ ಇವತ್ತು ರಾತ್ರಿ ಸಾಯುತ್ತಾನೆ, ನಾಳೆ ಇನ್ನೊಂದು ಊರಿನ ಬಯಲಲ್ಲಿ ದೊಂದಿ ಬೆಳಕಲ್ಲಿ ಅಬ್ಬರಿಸಿಕೊಂಡು ಬರುತ್ತಾನೆ. ಯಾರಾದರೂ 'ನಿನ್ನೆ ಸತ್ತಿದ್ದಿಯಲ್ಲ' ಅಂತ ಕೇಳಿದ್ದುಂಟಾ ಬಾಲಣ್ಣ? ಇದೂ ಹಾಗೇ. ಪ್ಲಮ್‌ಗೆ ಮರೆವು, ಮಸ್ಟರ್ಡ್ ಮಾತಿಗೆ ಮೊದಲು ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ, ಮಿಸೆಸ್ ಪೀಕಾಕ್‌ಗೆ ಮರ್ಯಾದೆಯದ್ದೇ ಚಿಂತೆ. ಆಟದಲ್ಲಿ ಇವರು ಬಣ್ಣದ ಕಾಯಿಗಳು. ಅವಕ್ಕೆ ಜೀವ ಕೊಟ್ಟದ್ದು ಈ ಪುಸ್ತಕ.

ಕಟಪಾಡಿ ಕಿಟ್ಟ: ಮಹಿಷಾಸುರನನ್ನು ಎಲ್ಲಿಂದ ಎಳೆದು ತಂದಿರಿ! ಆದರೆ ಸ್ವಭಾವ ಸುಳಿವಾಗುವುದಿಲ್ಲವಲ್ಲ.

ಕಟೀಲು ಕಡೆಯವಳು: ಆಗುತ್ತದೆ. ಮರೆವಿನವನು 'ನನಗೆ ಸರಿಯಾಗಿ ನೆನಪುಂಟು' ಅಂದರೆ ನಿಮಗೆ ಅನುಮಾನ ಬರುವುದಿಲ್ಲವಾ? ನಾನೇ ಒಂದು ಹೇಳುತ್ತೇನೆ, ಬಿಡಿಸಿ. ಮಲ್ಪೆಯ ಒಂದು ಮನೆ, ಜೋರು ಮಳೆ. ಸಂಜೆ ಏಳಕ್ಕೆ ಹೋದ ಕರೆಂಟ್ ಒಂಬತ್ತಕ್ಕೆ ಬಂತು. ಅಷ್ಟರಲ್ಲಿ ಡಬ್ಬಿಯ ಚಕ್ಕುಲಿ ಪೂರಾ ಖಾಲಿ. ಅತ್ತೆ ಜಪದಲ್ಲಿದ್ದರಂತೆ. ಚಿಕ್ಕಿ ಕತ್ತಲಲ್ಲೇ ಮಲ್ಲಿಗೆ ಕಟ್ಟುತ್ತಿದ್ದರಂತೆ. ಮಾವ ಎಂಟು ಗಂಟೆಗೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದರಂತೆ.

ಮಣಿಪಾಲದ ಅಮ್ಮ: ಮಾವ! ಕತ್ತಲಲ್ಲಿ ಎಂತ ಪೇಪರ್?

ಬಂದರಿನ ಬಾಲಣ್ಣ: ಲಾಟೀನು ಇರಲಿಲ್ಲ ಅಂತ ಯಾರು ಹೇಳಿದ್ದು? ನಮ್ಮ ಮನೆಯಲ್ಲಿ ಮಳೆಗಾಲ ಪೂರ್ತಿ ಜಗಲಿಯಲ್ಲಿ ಲಾಟೀನು ನೇತಾಡುತ್ತಿತ್ತು.

ಕಟಪಾಡಿ ಕಿಟ್ಟ: ನಾನು ಹೇಳುವುದೂ ಇದನ್ನೇ. ಕಥೆ ಚಿಕ್ಕದಾದಷ್ಟೂ ಬರೆದವರು ಹೇಳದೆ ಬಿಟ್ಟದ್ದು ಜಾಸ್ತಿ. ಆಟದಲ್ಲಿ ಲಕೋಟೆ ತೆರೆದ ಮೇಲೆ ವಾದ ಇಲ್ಲ.

ಕಟೀಲು ಕಡೆಯವಳು: ಲಾಟೀನು ನನ್ನ ತಪ್ಪು, ಒಪ್ಪಿದೆ. 'ಮನೆಯಲ್ಲಿದ್ದ ಒಂದೇ ದೀಪ ಅತ್ತೆಯ ಎದುರು ದೇವರ ಕೋಣೆಯಲ್ಲಿತ್ತು' ಅಂತ ಒಂದು ವಾಕ್ಯ ಸೇರಿಸಿದರೆ ಮಾವ ತಪ್ಪಿಸಿಕೊಳ್ಳಲಿಕ್ಕಿಲ್ಲ. ಆ ಒಂದು ವಾಕ್ಯ ಎಲ್ಲಿ ಅಡಗಿಸುವುದು ಅನ್ನುವುದೇ ಕಷ್ಟ, ಕಿಟ್ಟಣ್ಣ. ಅಂದ ಹಾಗೆ, ಆ ಆಟವೂ ಕತ್ತಲಿನ ಕೂಸೇ. ಬರ್ಮಿಂಗ್‌ಹ್ಯಾಮ್‌ನ ಆಂಟನಿ ಪ್ರ್ಯಾಟ್ ಯುದ್ಧಕಾಲದಲ್ಲಿ, ಬಾಂಬಿನ ಭಯಕ್ಕೆ ಊರೆಲ್ಲ ದೀಪ ಮರೆಮಾಡುತ್ತಿದ್ದ ಹೊತ್ತಲ್ಲಿ ಕಟ್ಟಿದ್ದು. ಮಾರಾಟಕ್ಕೆ ಬಂದದ್ದು 1949ರಲ್ಲಿ.

ಬಂದರಿನ ಬಾಲಣ್ಣ: ಅಲ್ಲ, ಚಿಕ್ಕಿ ಕತ್ತಲಲ್ಲಿ ಮಲ್ಲಿಗೆ ಕಟ್ಟಿದ್ದನ್ನು ಯಾರೂ ಕೇಳಲಿಲ್ಲವಲ್ಲ?

ಕಟೀಲು ಕಡೆಯವಳು: ಮಲ್ಲಿಗೆ ಬೆಳೆಯುವ ಶಂಕರಪುರದ ಕಡೆ ಬಂದು ನೋಡಿ. ಕಣ್ಣು ಮುಚ್ಚಿಯೂ ಕಟ್ಟುತ್ತಾರೆ.

ಮಣಿಪಾಲದ ಅಮ್ಮ: ಕಿಟ್ಟಣ್ಣ, ಆ ಮೂರರಲ್ಲಿ ನಮ್ಮಲ್ಲಿಲ್ಲದ್ದು ಇದ್ದರೆ ಒಂದು ವಾರಕ್ಕೆ ಕೊಡ್ತೀರಾ? ಪಿನ್ ಹೊಡೆಯುವುದಿಲ್ಲ.

ಕಟಪಾಡಿ ಕಿಟ್ಟ: ಕೊಡುವೆ. ಆದರೆ ಒಂದರಲ್ಲಿ ಹಿಂದಿನ ಪುಣ್ಯಾತ್ಮ ಪ್ರತಿ ಕಥೆಯ ಶೀರ್ಷಿಕೆ ಕೆಳಗೆ ಬಾಲ್‌ಪೆನ್ನಲ್ಲಿ ಕಳ್ಳನ ಹೆಸರು ಬರೆದಿಟ್ಟಿದ್ದಾನೆ. ಎರಡು ಕಡೆ ತಪ್ಪು ಹೆಸರು. ಯಾವ ಎರಡು ಅಂತ ನಿಮ್ಮ ಮಗನೇ ಹುಡುಕಲಿ.