ಮಡಚೋದಾ, ಬಿಚ್ಚೋದಾ?

ನಮ್ಮ ಆಟೋಮೊಬೈಲ್ ಡಿಪ್ಲೊಮಾ ಗುಂಪಿಗೆ ದಿನಾ ಬರೋದು ಶುಭೋದಯದ ಹೂವು, ಮಂಡಿನೋವಿನ ಮದ್ದು, ಅಷ್ಟೇ. ಹೋದ ಗುರುವಾರ ರಾತ್ರಿ ಮಾತ್ರ ಎಂಜಿನ್ ಎತ್ತೋ ಕ್ರೇನ್ ವಿಷಯಕ್ಕೆ ನೂರಾ ಚಿಲ್ಲರೆ ಮೆಸೇಜ್ ಬಿತ್ತು. ಎಂಟು ಜನ ತಲಾ 3,500 ಹಾಕಿ ಒಂದು ಕ್ರೇನ್ ತಗೊಳ್ಳೋದು, ಬೇಕಾದವರು ಬೇಕಾದಾಗ ಒಯ್ಯೋದು ಅಂತ ಮೊದಲೇ ತೀರ್ಮಾನ ಆಗಿತ್ತು. ಒಯ್ಯೋದು ಹೇಗೆ ಅಂತ ಯಾರೂ ಕೇಳಿರಲಿಲ್ಲ. ಸ್ಟಿಕ್ಕರು, ಬೈಗುಳ ತೆಗೆದು ಇಲ್ಲಿ ಹಾಕಿದ್ದೀನಿ. ಬೈಗುಳ ಪೂರ್ತಿ ತೆಗೆದರೆ ಬಸುವಿನ ಮಾತೇ ಉಳಿಯಲ್ಲ, ಹಾಗಾಗಿ ಒಂದೆರಡು ಬಿಟ್ಟಿದ್ದೀನಿ. ರತ್ನ ಅಂದರೆ ನಾನೇ.

ಪ್ರಕಾಶ (ಬೆಂಗಳೂರು): ಎಲ್ರೂ ಕೇಳ್ರಪ್ಪಾ. ಎಸ್‌ಜೆಪಿ ರೋಡಲ್ಲಿ ಕ್ರೇನ್ ಸಿಕ್ತು. 1 ಟನ್, ಮಡಚೋ ಟೈಪು. 19,500, ಮೇಲೆ ಜಿಎಸ್‌ಟಿ 18 ಪರ್ಸೆಂಟ್. 2,000 ಅಡ್ವಾನ್ಸ್ ಕೊಟ್ಟೂ ಆಯ್ತು.

ಹೆಗಡೆ (ಶಿರಸಿ): ಭಾರೀ ಒಳ್ಳೇದಾಯ್ತು ಮಾರಾಯ. ಮೊದಲು ನಮ್ಮನೆಗೆ ಕಳಿಸು. ಜೀಪು ಮೂರು ತಿಂಗಳಿಂದ ಕೊಟ್ಟಿಗೇಲಿ ಮಲಗಿದೆ.

ಬಸು (ಹುಬ್ಬಳ್ಳಿ): ತೂಕ ಎಷ್ಟೈತಿ?

ಪ್ರಕಾಶ: 1 ಟನ್ ಎತ್ತತ್ತೆ.

ಬಸು: ಲೇ, ಅದು ಎತ್ತೂ ತೂಕ. ಅದನ್ನ ಎತ್ತೂದಕ್ಕ ಎಷ್ಟು ಮಂದಿ ಬೇಕು ಅಂತ ಕೇಳಾಕತ್ತೇನಿ.

ಪ್ರಕಾಶ: 65 ಕೆಜಿ. ಮಡಚಿದ್ರೆ ಫ್ರಿಜ್ ನಿಲ್ಲೋವಷ್ಟು ಜಾಗ ಸಾಕು. ಚಕ್ರ ಇದೆ, ತಳ್ಕೊಂಡು ಹೋಗ್ಬಹುದು.

ಬಸು: ಬೆಂಗಳೂರಿಂದ ಶಿರಸಿಗೆ ತಳ್ಕೊಂಡ್ ಹೋಗ್ತೀ ಏನ? ನಿನ್ನ ಈಕೋ ಗಾಡಿಗೆ 65 ಕೆಜಿ ಒಂದ ಗಂಟು ಯಾರ್ ಏರಿಸ್ತಾರ? ಮಡಚೂದು ಬ್ಯಾರೆ, ಬಿಚ್ಚೂದು ಬ್ಯಾರೆ. ಮಡಚೂದು ಗ್ಯಾರೇಜಿನ ಮೂಲ್ಯಾಗ ನಿಲ್ಸಾಕ. ಊರಿಂದ ಊರಿಗೆ ಹೋಗೂದಿದ್ರ ಬಿಚ್ಚಿ ತುಂಡ್ ತುಂಡ್ ಮಾಡೂದ ಬೇಕು.

ಕುಮಾರ (ಮೈಸೂರು): ಮಗಾ, ಹೋದ್ ಸಲ ಬಾಡಿಗೆ ಕ್ರೇನ್ ನಮ್ಮನೆಗೆ ತಂದಾಗ ಇಳಿಸೋಕೆ ಪಕ್ಕದ ಮನೆ ಮದುವೆಗೆ ಬಂದಿದ್ದ ಶಾಮಿಯಾನದ ಹುಡುಗರನ್ನ ಕರೀಬೇಕಾಯ್ತು. ಕ್ರೇನ್ ಬಾಡಿಗೆಗಿಂತ ಅವರ ಕಾಫಿ ತಿಂಡಿಗೇ ಜಾಸ್ತಿ ಆಯ್ತು.

ಪ್ರಕಾಶ: ಎಲ್ಲಾ ನಾನೇ ಓಡಾಡ್ಬೇಕು, ಎಲ್ಲಾ ಬೈಗುಳಾನೂ ನಂಗೇ. ಬೇಡ ಅಂದ್ರೆ ನೀವೇ ಹೋಗಿ ತನ್ನಿ.

ರತ್ನ: ಕೋಪ ಬೇಡ ಪ್ರಕಾಶ. ಬೂಮ್‌ನಲ್ಲಿ, ಅದೇ ಮುಂದಕ್ಕೆ ಚಾಚೋ ತೋಳಲ್ಲಿ, ನಾಲ್ಕು ತೂತು ಇದ್ಯಾ? ಒಂದೊಂದರ ಪಕ್ಕ ಏನ್ ಬರೆದಿದೆ ನೋಡಿದ್ಯಾ?

ಪ್ರಕಾಶ: ಫೋಟೋ ಇದೆ ಇರು. 1000, 750, 500, 250.

ರತ್ನ: ಹೆಗಡೆ, ನಿನ್ನ ಜೀಪು ಎಂಎಂ 540 ಅಲ್ವಾ? ಪ್ಯೂಜೋ ಡೀಸೆಲ್, 2112 ಸಿಸಿ?

ಹೆಗಡೆ: ಹೌದೇ. ಅಪ್ಪ ತಗೊಂಡಿದ್ದು.

ಶಿವಣ್ಣ (ಹಾಸನ): ಅದೇ ಎಂಜಿನ್ ಹೋದ್ ವರ್ಷ ನಾನು ಗುಜರಿಗೆ ಹಾಕ್ದೆ. ಗೇರ್‌ಬಾಕ್ಸ್ ಸಮೇತ 270 ಕೆಜಿ ತೋರಿಸ್ತು. ಗುಜರಿಯೋನ ತಕ್ಕಡಿ, ಅಂದ್ರೆ ನಿಜವಾದ ತೂಕ ಇನ್ನೂ ಜಾಸ್ತೀನೇ ಇರ್ಬೇಕು.

ಕುಮಾರ: ಸರಿ, 270. ಕ್ರೇನ್ 1000. ನಾಲ್ಕು ಪಟ್ಟು ಹತ್ರ ಹತ್ರ. ಇನ್ನೇನ್ ಸಮಸ್ಯೆ?

ಇಲ್ಲಿ ನಂಗೆ ಸ್ವಲ್ಪ ಸಿಟ್ಟು ಬಂತು ಅಂತ ಒಪ್ಪಿಕೊಳ್ತೀನಿ. ಇಪ್ಪತ್ತು ವರ್ಷದಿಂದ ಐಟಿಐ ಹುಡುಗರಿಗೆ ಇದನ್ನೇ ಪಾಠ ಮಾಡ್ತಿದ್ದೀನಿ. ಇವನು ನನ್ನ ಪಕ್ಕದ ಬೆಂಚಲ್ಲೇ ಕೂತು ಡಿಪ್ಲೊಮಾ ಪಾಸಾದವನು.

ರತ್ನ: ಕುಮಾರ, ನಿಮ್ಮಜ್ಜನ ತೋಟದಲ್ಲಿ ಏತ ಇತ್ತಲ್ಲ, ನೆನಪಿದ್ಯಾ? ಕಂಬದ ಹತ್ರ ನೇತುಹಾಕಿದ ಕಲ್ಲಿಗೂ ತುದೀಲಿ ನೇತುಹಾಕಿದ ಕಲ್ಲಿಗೂ ಒಂದೇ ಭಾರನಾ? 1 ಟನ್ ಅನ್ನೋದು ಬೂಮ್ ಪೂರ್ತಿ ಒಳಗಿದ್ದಾಗ. ಪೂರ್ತಿ ಹೊರಗೆ ಎಳೆದ್ರೆ 250. ಎಂಜಿನ್ 270. ಹೊರಗೆ ಎಳೀದೆ ಜೀಪಿನ ಎಂಜಿನ್‌ವರೆಗೆ ಮುಟ್ಟಲ್ಲ.

ಹೆಗಡೆ: ಟೇಪು ಹಿಡಿದು ಬಂದೆ. ಬಂಪರಿಂದ ಎಂಜಿನ್ ನಡುಮಧ್ಯಕ್ಕೆ ಮೂರೂವರೆ ಅಡಿ.

ಶಿವಣ್ಣ: ಪೂರ್ತಿ ಎಳೀಲೇಬೇಕು ಹಂಗಾದ್ರೆ.

ಕುಮಾರ: ಮುಂದಿನ ಗ್ರಿಲ್ ಬಿಚ್ಚಾಕಿದ್ರೆ? ಜೀಪಲ್ಲಿ ಬೋಲ್ಟ್ ತೆಗೆದ್ರೆ ಕೈಗೇ ಬರುತ್ತೆ.

ಶಿವಣ್ಣ: ಗ್ರಿಲ್ ಬಿಚ್ಚಿದ್ರೆ ಎತ್ತರ ಉಳೀತದೆ ಕಣ್ಲಾ, ಅಷ್ಟು ಮೇಲಕ್ಕೆ ಎತ್ತೋದು ಬೇಕಾಗಲ್ಲ. ಬಂಪರ್ ಬಿಚ್ಚಿದ್ರೆ ಉದ್ದ ಉಳೀತದೆ, ಕ್ರೇನ್ ಕಂಬ ಒಳಕ್ಕೆ ಬರ್ತದೆ. ಎರಡೂ ಬಿಚ್ಚು ಅಂತೀನಿ ನಾನು. ಗೇರ್‌ಬಾಕ್ಸೂ ಕೆಳಗಿಂದ ಬೇರೆ ಇಳಿಸು. ಆದ್ರೂ 1 ಟನ್ ಕ್ರೇನಿಗೆ ಕೈ ನಡುಗ್ತದೆ. 2 ಟನ್ ತಗೊ. ಅದ್ರಲ್ಲಿ ತುದೀಲಿ 500 ಸಿಗ್ತದೆ.

ಪ್ರಕಾಶ: 2 ಟನ್ ಅಂದ್ರೆ ಇನ್ನೂ ಭಾರ. ಈಗ ತಾನೇ 65 ಭಾರ ಅಂದ್ರಿ!

ಬಸು: ಅದಕ್ಕ ನಾ ಹೇಳ್ತೇನಿ, ಕ್ರೇನ್ ಬ್ಯಾಡ. ಮೂರು ಪೈಪು, ಮ್ಯಾಲೊಂದು ತಲಿ, ಅದಕ್ಕ ಕೈಲೆ ಸರಪಳಿ ಎಳದು ಭಾರ ಎತ್ತೂ 1 ಟನ್ ಚೈನ್ ಬ್ಲಾಕ್. ಬೋರ್‌ವೆಲ್ ಮೋಟರ್ ಎತ್ತಾಕ ನಮ್ಮ ಕಡೆ ಎಲ್ಲಾರೂ ಇದನ್ನ ಬಳಸ್ತಾರ. ಚೈನ್ ಬ್ಲಾಕ್ ಹನ್ನೆರಡು ಕೆಜಿ, ಗೋಣಿಚೀಲದಾಗ ಹಾಕ್ಕೊಂಡು ಬಸ್ಸಿನ್ಯಾಗ ಹೋಗಬಹುದು. ಅದರ ಮ್ಯಾಲೆ ಚೈನ್ ಬ್ಲಾಕಿನ ಭಾರತೀಯ ಮಾನಕದ ನಂಬರ್ ಐಎಸ್ 3832 ಅಂತ ಬರೆದಿದ್ದು ನೋಡಿ ತಗೋ, ಮುಗೀತು.

ಕುಮಾರ: ಮೂರು ಕಾಲಿನ ಮಧ್ಯೆ ಜೀಪ್ ಹೆಂಗ್ ನಿಲ್ಸ್ತೀಯ?

ಬಸು: ಎಂಜಿನ್ ಎತ್ತಿ ನಿಲ್ಸು, ಜೀಪ್ ಹಿಂದಕ್ಕ ತಳ್ಳು. ಎಂಜಿನ್ ಓಡಾಡೂದಿಲ್ಲ, ಜೀಪ್ ಓಡಾಡ್ತದ.

ಶಿವಣ್ಣ: ಐಡಿಯಾ ಏನೋ ಸರಿ. ಆದ್ರೆ ಕಾಲು ಜಾರದಂಗೆ ಮೂರಕ್ಕೂ ಸುತ್ತಾಕಿ ಸರಪಳಿ ಕಟ್ಟಬೇಕು, ಜೀಪ್ ತಳ್ಳುವಾಗ ಒಂದು ಕಾಲಿಗೆ ತಾಗಿದ್ರೆ ಮುಗೀತು. ಬೋರ್‌ವೆಲ್‌ನಲ್ಲಿ ಮೋಟರ್ ನೆಟ್ಟಗೆ ಮೇಲೆ ಬರ್ತದೆ. ಎಂಜಿನ್ ಹಂಗಲ್ಲ, ಮುಂದಕ್ಕೆ ಓಲಾಡ್ಕೊಂಡು, ಮೂಗು ಮೇಲೆ ಮಾಡ್ಕೊಂಡು ಬರಬೇಕು.

ಹೆಗಡೆ: ಅಲ್ಲ, ನಮ್ಮನೆ ಅಂಗಳ ಮಣ್ಣಿಂದು. ಕ್ರೇನ್ ಚಕ್ರ ಉರುಳ್ತದಾ?

ಒಂದು ನಿಮಿಷ ಗುಂಪು ತಣ್ಣಗಾಯ್ತು. ಅಷ್ಟೊತ್ತು ಟನ್ನಿನ ಲೆಕ್ಕ ಮಾಡಿದವರು ಯಾರೂ ನೆಲದ ಬಗ್ಗೆ ಯೋಚನೆ ಮಾಡಿರಲಿಲ್ಲ, ನಾನೂ ಸೇರಿ. ಆ ಸಣ್ಣ ಕಬ್ಬಿಣದ ಚಕ್ರ ಸಿಮೆಂಟಿನ ಮೇಲೆ ನೀರಿನ ಹಾಗೆ ಓಡುತ್ತೆ. ಮಣ್ಣಲ್ಲಿ 270 ಕೆಜಿ ಹೊತ್ತಾಗ ಹೂತು ನಿಲ್ಲುತ್ತೆ, ಆಗ ತಳ್ಳಿದರೆ ಕ್ರೇನೇ ಮಗುಚುತ್ತೆ.

ಬಸು: ನೋಡ್ರಿಪಾ. ಮೂರು ಕಾಲು!

ರತ್ನ: ಹೆಗಡೆ, ಅಡಿಕೆ ಒಣಗಿಸೋ ಸಿಮೆಂಟ್ ಅಂಗಳ ಇಲ್ವಾ ನಿಮ್ಮನೇಲಿ?

ಹೆಗಡೆ: ಇದೆ. ಅಲ್ಲೀಗ ಅಡಿಕೆ ಹರವಿದೆ. ಅದನ್ನ ಸರಿಸಿ ಎಂಜಿನ್ ಇಳಿಸ್ತೀನಿ ಅಂದ್ರೆ ಮನೆಯವಳು ನನ್ನನ್ನೇ ಹಗ್ಗ ಕಟ್ಟಿ ಎತ್ತಿಡ್ತಾಳೆ. ಒಂದು ತೊಟ್ಟು ಡೀಸೆಲ್ ವಾಸನೆ ಹಿಡೀತೋ, ಅಡಿಕೆ ರೇಟು ಬಿತ್ತು.

ಇಮ್ತಿಯಾಜ್ (ಶಾರ್ಜಾ): ಇಲ್ಲಿ ಡ್ಯೂಟಿ ಮುಗಿಸಿ ಈಗ ಬಂದೆ. 140 ಮೆಸೇಜ್! ಯಾರಾದ್ರೂ ಹೋದ್ರಾ ಅಂತ ಎದೆ ಧಸಕ್ಕಂತು. ನನ್ನ 3,500 ಆಗ್ಲೇ ಹಾಕಿದೀನಿ. ಅಡಿಕೆ ಮುಗಿಯೋವರೆಗೆ ಕಾಯೋಕಾಗಲ್ವಾ?

ಹೆಗಡೆ: ಅಡಿಕೆ ಸೊಸೈಟಿಗೆ ಸಾಗಿಸೋಕೇ ಜೀಪು ಬೇಕಾಗಿರೋದು ಮಾರಾಯ.

ಇಮ್ತಿಯಾಜ್: ಸರಿ ಬಿಡು, ಪ್ರಶ್ನೆ ವಾಪಸ್ ತಗೊಂಡೆ.

ರತ್ನ: ಈ ವರ್ಷ ನಿಜವಾಗ್ಲೂ ಕ್ರೇನ್ ಯಾರ್ಯಾರಿಗೆ ಬೇಕು? ಹೆಗಡೆಗೆ ಜೀಪು. ಕುಮಾರನಿಗೆ ಪದ್ಮಿನಿ ಕಾರು. ಪ್ರಕಾಶನಿಗೆ ಜಿಪ್ಸಿ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ. ಮೂರು ಕಾಲು ನಿಲ್ಸೋಕೆ ಬೇಸ್‌ಮೆಂಟ್ ಎತ್ತರ ಸಾಕಾಗಲ್ಲ. ಕುಮಾರನ ಕಾರ್ ಶೆಡ್‌ನಲ್ಲಿ ಮೂರು ಕಾಲು ಅಗಲಿಸೋಕೆ ಜಾಗ ಇಲ್ಲ. ಇಬ್ಬರದ್ದೂ ಸಿಮೆಂಟ್ ನೆಲ. ಹೆಗಡೆಗೊಬ್ಬನಿಗೇ ಮಣ್ಣು. ಹಾಗಾಗಿ ಕ್ರೇನೇ ಸರಿ. ಆದ್ರೆ 2 ಟನ್, ಬೋಲ್ಟ್ ಬಿಚ್ಚಿ ತುಂಡು ಮಾಡೋದು. ಹೆಗಡೆ ಕೆಳಗೆ ದಪ್ಪ ಪ್ಲೈ ಹಾಸ್ಕೊಳ್ಲಿ, ಕ್ರೇನ್ ಕದಲಿಸೋದು ಬೇಡ, ಬಸು ಹೇಳಿದ ಹಾಗೆ ಜೀಪನ್ನೇ ಹಿಂದಕ್ಕೆ ತಳ್ಳಲಿ.

ಬಸು: ನನ್ನ ಮಾತು ಅರ್ಧ ಒಪ್ಪಿದ್ರಿ. ಈ ಗುಂಪಿನ್ಯಾಗ ಅದ ದೊಡ್ಡದು.

ಪ್ರಕಾಶ: ಅಂಗಡಿಯವನಿಗೆ ಫೋನ್ ಮಾಡ್ದೆ. ಬಿಚ್ಚೋ ಟೈಪು 2 ಟನ್ ಇದೆಯಂತೆ. 23,000 ಪ್ಲಸ್ ಜಿಎಸ್‌ಟಿ, 27,140. ಅಡ್ವಾನ್ಸ್ ಇದಕ್ಕೇ ಮುರ್ಕೋತಾನಂತೆ. ಒಟ್ಟು 84 ಕೆಜಿ, ಆದ್ರೆ ಆರು ತುಂಡು. ಅತೀ ಭಾರದ್ದು 24. ಅತೀ ಉದ್ದದ್ದು ಕಾಲು, ಐದಡಿ. ಈಕೋ ಹಿಂದಿನ ಸೀಟ್ ತೆಗೆದ್ರೆ ಹಿಡಿಯತ್ತೆ.

ಶಿವಣ್ಣ: ಈಗ ಹೇಳು, ಇದು ವ್ಯಾಪಾರ. ಬೂಮ್ ಎತ್ತೋ ಎಣ್ಣೆ ಜಾಕ್ ಇರ್ತದಲ್ಲ, ಅದ್ರ ರಾಡನ್ನ ಪೂರ್ತಿ ಒಳಗೆ ಕೂರಿಸಿ, ನೆಟ್ಟಗೆ ನಿಲ್ಸಿ ತಗೊಂಡ್ ಹೋಗು. ಮಲಗಿಸಿದ್ರೆ ಎಣ್ಣೆ ಸೋರ್ತದೆ, ಗಾಳಿ ಹಿಡೀತದೆ. ಆಮೇಲೆ ಪಂಪ್ ಹೊಡೆದ್ರೂ ಏಳಲ್ಲ, ನಿಂಗೆ ಕ್ರೇನ್ ಕೆಟ್ಟೋಯ್ತು ಅನ್ಸ್ತದೆ. ರಿಲೀಸ್ ವಾಲ್ವ್ ತೆರೆದು ಹತ್ತು ಹನ್ನೆರಡು ಸಲ ಪೂರ್ತಿ ಹೊಡಿ, ಸರಿಹೋಗ್ತದೆ.

ರತ್ನ: ಬೋಲ್ಟು ಪಿನ್ನು ಒಂದು ಡಬ್ಬೀಲಿರಲಿ, ಎಣಿಸಿ ಕೊಡಿ, ಎಣಿಸಿ ತಗೊಳ್ಳಿ. ಒಂದು ಕಳೆದುಹೋದ್ರೆ ಮನೇಲಿದ್ದ ಯಾವುದೋ ಬೋಲ್ಟ್ ತುರುಕಬೇಡಿ. ತಲೆ ಮೇಲೆ 8.8 ಅಂತ ಒತ್ತಿರೋದೇ ಬೇಕು.

ಕುಮಾರ: ಕಳೆದವನು ಗುಂಪಿಗೆಲ್ಲ ಮಸಾಲೆ ದೋಸೆ ಕೊಡಿಸ್ಬೇಕು.

ಬಸು: ಹಂಗಂದ್ರ ಡಬ್ಬಿ ಹೆಗಡೆ ಕೈಯಾಗ ಕೊಡ್ರಿ. ಹಾಸ್ಟೆಲ್‌ನ್ಯಾಗ ನನ್ನ ಸ್ಪ್ಯಾನರ್ ಸೆಟ್ ಒಯ್ದಾವ ಇನ್ನೂ ಕೊಟ್ಟಿಲ್ಲ.

ಹೆಗಡೆ: ಹದಿನಾಲ್ಕರ ಸ್ಪ್ಯಾನರ್ ಒಂದು ಬಿಟ್ಟು ಎಲ್ಲಾ ಕೊಟ್ಟಿದೀನಿ. ಕ್ರೇನ್ ಶನಿವಾರ ಬರೋದಾದ್ರೆ ನಾನು ನಾಳೆಯೇ ಬಿಚ್ಚೋಕೆ ಶುರು ಮಾಡ್ಲಾ? ಮೊದಲು ಬಾನೆಟ್ಟಾ?

ಶಿವಣ್ಣ: ಮೊದಲು ಬ್ಯಾಟರಿ. ಆಮೇಲೆ ರೇಡಿಯೇಟರ್ ನೀರು ಖಾಲಿ ಮಾಡು. ಕೂಲೆಂಟ್ ಹಾಕಿದ್ರೆ ಬಕೆಟ್‌ಗೆ ಹಿಡಿದು ಮುಚ್ಚಿಡು, ಸಿಹಿ ಇರ್ತದೆ, ನಿಮ್ಮನೆ ನಾಯಿ ನೆಕ್ಕಿದ್ರೆ ಉಳಿಯಲ್ಲ.

ಹೆಗಡೆ: ಕೂಲೆಂಟೆಲ್ಲ ಎಲ್ಲಿಂದ ಬರಬೇಕು. ಅಪ್ಪನ ಕಾಲದಿಂದ ಬಾವಿ ನೀರೇ.

ಶಿವಣ್ಣ: ಅದಕ್ಕೇ ಎಂಜಿನ್ ಹೆಡ್ ಹೋಗಿರೋದು.