ಮುಚ್ಚಿದ ಕಸದ ಗುಡ್ಡೆ ಮೇಲೆ ಸೋಲಾರ್ ಹಾಕಿದರೆ ನಿಲ್ಲುತ್ತಾ?

ಕೆರೆಏರಿ:
ನಮ್ಮೂರು ಮಂಡೂರಿನ ಪಕ್ಕ. ಬೆಂಗಳೂರಿನ ಕಸದ ಲಾರಿಗಳು ವರ್ಷಗಟ್ಟಲೆ ನಮ್ಮ ಮನೆ ಮುಂದೆಯೇ ಹೋಗುತ್ತಿದ್ದವು. ಊರವರೆಲ್ಲ ರಸ್ತೆಯಲ್ಲಿ ಕೂತು ಹೋರಾಡಿದ ಮೇಲೆ 2014ರ ಕೊನೆಗೆ ನಿಂತವು. ಲಾರಿ ನಿಂತರೂ ಸುರಿದ ಕಸ ಎಲ್ಲಿಗೂ ಹೋಗಲಿಲ್ಲ ನೋಡಿ. ಆಮೇಲೂ ಮಳೆ ಬಂದ ಮರುದಿನ ಗುಡ್ಡೆಯ ಬುಡಕ್ಕೆ ಹೋದರೆ ಗುಂಡಿಯಲ್ಲಿ ನಿಂತ ನೀರಿನಿಂದ ಗುಳುಗುಳು ಅಂತ ಗುಳ್ಳೆ ಏಳುತ್ತಿತ್ತು, ಗುಂಡಿಯ ಅಂಚಿನ ಮಣ್ಣು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತಿತ್ತು. ನಮ್ಮ ಬೋರ್‌ವೆಲ್ ನೀರನ್ನು ಅಮ್ಮ ಇವತ್ತಿಗೂ ಪಾತ್ರೆ ತೊಳೆಯುವುದಕ್ಕೆ ಮಾತ್ರ ಬಳಸುತ್ತಾರೆ.

ಇಂಥ ಜಾಗದ ಮೇಲೆ ಸೋಲಾರ್ ಪ್ಯಾನೆಲ್ ಹಾಕಬಹುದಲ್ವಾ ಅಂತ ನಮ್ಮ ಅರಳಿಕಟ್ಟೆಯಲ್ಲಿ ಮಾತು ಬಂತು. ನನಗೂ ಆಸೆಯೇ, ಆದರೆ ಭಯ ಇದೆ. ಅದು ನಿಲ್ಲುತ್ತಾ? ಬೆಂಕಿ ಹತ್ತುತ್ತಾ? ಇಲ್ಲ, ಸುಮ್ನೆ ಕಸವನ್ನು ಮರೆಮಾಡಿದ ಹಾಗೆ ಆಗುತ್ತಾ? ಗೊತ್ತಿರುವವರು ಹೇಳಿ.

ಗಾರೆಕೆಲಸ:
ಸಾರ್, ನಾನು ಸಿವಿಲ್ ಕೆಲಸದಲ್ಲಿದ್ದೇನೆ. ಪ್ಯಾನೆಲ್ಲಿನ ತೂಕ ಸಮಸ್ಯೆಯೇ ಅಲ್ಲ, ಕಟ್ಟಡಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ತೊಂದರೆ ಇರುವುದು ಕಂಬ ಊರುವುದರಲ್ಲಿ. ಹೊಲದಲ್ಲಾದರೆ ಕಬ್ಬಿಣದ ಕಂಬವನ್ನು ಒಂದೂವರೆ ಎರಡು ಮೀಟರ್ ಆಳಕ್ಕೆ ಹೊಡೆದು ಇಳಿಸುತ್ತಾರೆ. ಮುಚ್ಚಿದ ಗುಡ್ಡೆಯ ಮೇಲೆ ಏನಿರಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿದ್ದರು: 60 ಸೆಂ.ಮೀ. ಜೇಡಿಮಣ್ಣು, ಅದರ ಮೇಲೆ ನೀರು ಹರಿದುಹೋಗಲು 15 ಸೆಂ.ಮೀ., ಮೇಲೆ ಹುಲ್ಲು ಬೆಳೆಯಲು 45 ಸೆಂ.ಮೀ. ಮಣ್ಣು. ಒಟ್ಟು 120. ಕಂಬ ಇದನ್ನೆಲ್ಲ ತೂತು ಮಾಡಿಕೊಂಡು ಕಸಕ್ಕೇ ಇಳಿಯುತ್ತದೆ. ಆ ತೂತಿನಲ್ಲಿ ಮಳೆನೀರು ಒಳಗೆ ಹೋಗುತ್ತದೆ, ಗ್ಯಾಸ್ ಹೊರಗೆ ಬರುತ್ತದೆ. ಅದಕ್ಕೇ ಇಂಥ ಕಡೆ ಏನನ್ನೂ ಅಗೆಯದೆ ಕಾಂಕ್ರೀಟ್ ದಿಮ್ಮಿಗಳನ್ನು ಮೇಲೆಯೇ ಇಟ್ಟು, ಅದಕ್ಕೆ ಫ್ರೇಮ್ ಕಟ್ಟುತ್ತಾರೆ. ಗಾಳಿಗೆ ಹಾರದಷ್ಟು ಭಾರ ಇದ್ದರೆ ಸಾಕು. ಕೇಬಲ್ ಕೂಡ ನೆಲದ ಮೇಲೆಯೇ.

ಇನ್ನೊಂದು, ಕಸ ಕೂರುತ್ತದೆ. ನಮ್ಮ ಕಸದಲ್ಲಿ ಅಡುಗೆಮನೆಯದ್ದೇ ಜಾಸ್ತಿ, ಅದು ಕೊಳೆತು ಕುಗ್ಗುತ್ತದೆ. ಎಲ್ಲ ಕಡೆ ಒಂದೇ ಸಮ ಕುಗ್ಗಿದ್ದರೆ ಚಿಂತೆ ಇರಲಿಲ್ಲ. ಇಲ್ಲಿ ಒಂದಡಿ, ಅಲ್ಲಿ ಮೂರಡಿ ಕುಸಿದರೆ ಪ್ಯಾನೆಲ್ ಸಾಲು ಸೊಟ್ಟ ಆಗುತ್ತದೆ, ಗಾಜು ಬಿರುಕು ಬಿಡುತ್ತದೆ, ಕುಸಿದಲ್ಲಿ ನೀರು ನಿಲ್ಲುತ್ತದೆ. ಮೊದಲ ಕೆಲವು ವರ್ಷ ಇದು ಜೋರು, ಆಮೇಲೆ ನಿಧಾನ. ನಿಮ್ಮದು ನಿಂತು ಹತ್ತು ವರ್ಷದ ಮೇಲಾಯಿತು, ಅದು ಒಳ್ಳೆಯದೇ. ಆದರೆ ಮೇಲೆ ಸರಿಯಾದ ಮುಚ್ಚಿಗೆ ಹಾಕಿದ್ದಾರಾ? ಅದನ್ನು ಮೊದಲು ಕೇಳಿ.

ಮಲೆನಾಡಿಂದ_ಜರ್ಸಿಗೆ:
ನಾನಿರುವ ನ್ಯೂಜೆರ್ಸಿಯಲ್ಲಿ ಮೌಂಟ್ ಆಲಿವ್ ಅಂತ ಒಂದು ಊರಿದೆ. ಅಲ್ಲಿನ ಕಸದ ಗುಡ್ಡೆ 1981ರಲ್ಲೇ ಮುಚ್ಚಿತ್ತು. ಅಮೆರಿಕದ ಅತಿ ಕೆಟ್ಟ ವಿಷದ ಜಾಗಗಳ ಪಟ್ಟಿಯಲ್ಲಿ ಇದ್ದದ್ದು. ಈಗ ಅದರ ಮೇಲೆ ಸುಮಾರು 25 ಮೆಗಾವ್ಯಾಟ್ ಸೋಲಾರ್ ಇದೆ. ಹಾಗಾಗಿ ನಿಲ್ಲುತ್ತಾ ಅಂದರೆ ಖಂಡಿತ ನಿಲ್ಲುತ್ತದೆ. ಆದರೆ ಗಮನಿಸಿ, ಮೊದಲು ಜಾಗ ಶುದ್ಧ ಮಾಡಿ, ಮುಚ್ಚಿ, ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಪ್ಯಾನೆಲ್ ಬಂದಿದ್ದು ಎಲ್ಲದರ ಕೊನೆಗೆ.

ಪಾವಗಡದವಳು:
ನಮ್ಮ ಕಡೆ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ರೈತರ ಜಮೀನು ಬಾಡಿಗೆಗೆ ಹೋಯಿತು, 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಜಮೀನು ಇದ್ದವರಿಗೆ ಬಾಡಿಗೆ ಬಂತು, ಕೂಲಿಗೆ ಹೋಗುತ್ತಿದ್ದವರಿಗೆ ಹೊಲವೂ ಇಲ್ಲ, ಕೂಲಿಯೂ ಇಲ್ಲ. ಅದಕ್ಕೇ ಬೆಳೆ ಬೆಳೆಯದ ಜಾಗದಲ್ಲಿ ಸೋಲಾರ್ ಬರಲಿ ಅಂತ ನಾನು ಮನಸಾರೆ ಹೇಳುತ್ತೇನೆ. ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬೇಕು, ವರ್ಷಕ್ಕೆ 15 ಲಕ್ಷ ಯೂನಿಟ್ ಹತ್ತಿರ ಬರುತ್ತದೆ. ಆದರೆ ಕರೆಂಟು ಯಾರಿಗೆ, ದುಡ್ಡು ಯಾರಿಗೆ ಅಂತ ಕಾಗದದಲ್ಲಿ ಬರೆಸಿಕೊಳ್ಳಿ ಅಣ್ಣ. ಇಷ್ಟು ವರ್ಷ ವಾಸನೆ ಕುಡಿದವರು ನೀವು.

ಕೆರೆಏರಿ:
ತುಂಬಾ ಥ್ಯಾಂಕ್ಸ್. ಬೆಂಕಿ ವಿಷಯ ಯಾರೂ ಹೇಳಲಿಲ್ಲವಲ್ಲ?

ಗಾರೆಕೆಲಸ:
ಕಸದ ಗ್ಯಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನ್. ಗಾಳಿಯಲ್ಲಿ ಅದು 5ರಿಂದ 15 ಪರ್ಸೆಂಟ್ ಸೇರಿದರೆ ಒಂದು ಕಿಡಿ ಸಾಕು. ಹಾಗಾಗಿ ಗ್ಯಾಸ್ ಹೊರಗೆ ಬಿಡುವ ಪೈಪುಗಳಿಂದ ಇನ್ವರ್ಟರ್ ದೂರ ಇರಬೇಕು, ಮುಚ್ಚಿದ ಪೆಟ್ಟಿಗೆ, ಕೋಣೆಗಳ ಒಳಗೆ ಗ್ಯಾಸ್ ಸೇರಬಾರದು. ಒಣಹುಲ್ಲನ್ನೂ ಬೇಸಿಗೆಗೆ ಮುಂಚೆಯೇ ಕತ್ತರಿಸಬೇಕು.

ಇನ್ನೊಂದು ಮುಖ್ಯ ವಿಷಯ. ಈಗ ದೇಶದ ತುಂಬಾ ಹಳೇ ಕಸವನ್ನು ಅಗೆದು, ಜರಡಿ ಹಿಡಿದು, ಜಾಗ ಖಾಲಿ ಮಾಡುವ ಕೆಲಸ ನಡೆಯುತ್ತಿದೆ, ಬಯೋಮೈನಿಂಗ್ ಅನ್ನುತ್ತಾರೆ. ಅಗೆಯುವುದಾದರೆ ಮೇಲೆ ಪ್ಯಾನೆಲ್ ಹಾಕುವ ಮಾತೇ ಇಲ್ಲ, ಅಗೆದು ಮುಗಿದ ಮೇಲೆ ಸಮತಟ್ಟಾದ ನೆಲದಲ್ಲಿ ಹಾಕಬಹುದು. ನನ್ನನ್ನು ಕೇಳಿದರೆ ಅದೇ ವಾಸಿ. ಯಾಕೆಂದರೆ ಹಳೇ ರಾಶಿಗಳ ಅಡಿಯಲ್ಲಿ ಎಷ್ಟೋ ಕಡೆ ಹಾಸೇ ಇರುವುದಿಲ್ಲ. ಮೇಲೆ ಎಷ್ಟೇ ಚೆನ್ನಾಗಿ ಮುಚ್ಚಿದರೂ ಒಳಗೆ ಈಗಾಗಲೇ ಇರುವ ಕೊಳೆನೀರು ಕೆಳಗೆ ಇಳಿಯುತ್ತಲೇ ಇರುತ್ತದೆ. ನಿಮ್ಮ ಅಮ್ಮ ಆ ನೀರು ಕುಡಿಯದೆ ಇರುವುದು ಸರಿ. ಗ್ರಾಮಸಭೆಗೆ ಹೋಗುವ ಮುಂಚೆ ಬೋರ್‌ವೆಲ್ ನೀರಿನ ಸ್ಯಾಂಪಲ್ ಕೊಟ್ಟು ರಿಪೋರ್ಟ್ ತೆಗೆಸಿ. ಮುಂಗಾರಿಗೆ ಮುಂಚೆ ಒಂದು, ಮಳೆ ನಿಂತ ಮೇಲೆ ಇನ್ನೊಂದು.

ಕೆರೆಏರಿ:
ಮೊದಲ ಸ್ಯಾಂಪಲ್ ಈ ವಾರವೇ ಕೊಡುತ್ತೇನೆ. ಪಕ್ಕದ ಮೂರು ಮನೆಯವರದ್ದೂ ಸೇರಿಸಿ.