8,500ರ ಕಿಟ್, ಬೈನರಿ ಪ್ಲಾನ್: ಇದು ಡೈರೆಕ್ಟ್ ಸೆಲ್ಲಿಂಗಾ, ಪಿರಮಿಡ್ ಸ್ಕೀಮಾ?

ಪ್ರಶ್ನೆ: ಸುರತ್ಕಲ್_ಅಣ್ಣ

ಎಲ್ಲರಿಗೂ ನಮಸ್ಕಾರ. ತಂಗಿಗೆ ಅವಳ ಜೊತೆ ಕಲಿತವಳೊಬ್ಬಳು ಒಂದು ಪ್ಲಾನ್ ಹೇಳಿದ್ದಾಳೆ. ಭಾನುವಾರ ಹಂಪನಕಟ್ಟೆಯ ಒಂದು ಹಾಲ್‌ನಲ್ಲಿ ಮೀಟಿಂಗ್ ಉಂಟಂತೆ, ಅಲ್ಲೇ ಸೇರಬೇಕಂತೆ. ಸೇರಲಿಕ್ಕೆ 8,500 ರೂಪಾಯಿ. ಅದಕ್ಕೆ ಒಂದು ಸೂಟ್ ಬಟ್ಟೆ, ಎರಡು ಡಬ್ಬ ಪ್ರೋಟೀನ್ ಪುಡಿ ಕೊಡ್ತಾರೆ. ಕೆಳಗೆ ಎಡಕ್ಕೊಬ್ಬರು, ಬಲಕ್ಕೊಬ್ಬರು ಸೇರಿದರೆ ಒಂದು ಜೋಡಿ, ಜೋಡಿಗೆ 500. ಕೆಳಗಿನವರು ಸೇರಿಸಿದವರೂ ನಮ್ಮ ಲೆಕ್ಕಕ್ಕೆ ಬರ್ತಾರೆ, ಆದರೆ ದಿನಕ್ಕೆ ಹತ್ತು ಜೋಡಿಗಿಂತ ಹೆಚ್ಚು ಇಲ್ಲ. ತಿಂಗಳಿಗೆ 1,500ರ ಸಾಮಾನು ತೆಗೆದುಕೊಳ್ಳದಿದ್ದರೆ ಕಮಿಷನ್ ನಿಲ್ತದೆ. ಹಣವನ್ನು ಅಪ್‌ಲೈನ್‌ನವರ (ಅಂದರೆ ನಮ್ಮನ್ನು ಸೇರಿಸಿದ ಮೇಲಿನವರ) ನಂಬರಿಗೆ ಯುಪಿಐ ಮಾಡಬೇಕಂತೆ.

ಜಿಎಸ್‌ಟಿ ನಂಬರ್, ಐಎಸ್‌ಒ, ಮತ್ತೆ "2021ರ ನಿಯಮದಂತೆ ಸರ್ಕಾರದಿಂದ ಅಪ್ರೂವ್ಡ್" ಅಂತ ಒಂದು ಸರ್ಟಿಫಿಕೇಟನ್ನೂ ತೋರಿಸಿದ್ದಾರೆ. ಸೋಪು, ಟಪ್ಪರ್‌ವೇರ್ ಡಬ್ಬ ಮನೆಮನೆಗೆ ಮಾರುವವರೂ ಹೀಗೇ ಅಲ್ವಾ? ವ್ಯತ್ಯಾಸ ಎಲ್ಲಿ ಉಂಟು? ಬಲ್ಲವರು ತಿಳಿಸಿ ಮಾರಾಯ್ರೆ.

ಉತ್ತರ 1: ಗ್ರಾಹಕ_ವೇದಿಕೆ_ಉಡುಪಿ

ಮೊದಲು ಆ ಸರ್ಟಿಫಿಕೇಟಿನ ವಿಷಯ. ಡೈರೆಕ್ಟ್ ಸೆಲ್ಲಿಂಗ್, ಅಂದರೆ ಅಂಗಡಿಯಿಲ್ಲದೆ ಗಿರಾಕಿಗೆ ನೇರವಾಗಿ ಮಾರುವ ಕಂಪನಿಗಳಿಗೆ ಸರ್ಕಾರ "ಅಪ್ರೂವಲ್" ಕೊಡುವ ವ್ಯವಸ್ಥೆಯೇ ಇಲ್ಲ. 2021ರ ಡಿಸೆಂಬರ್ 28ರಂದು ಗ್ರಾಹಕ ಸಂರಕ್ಷಣಾ (ಡೈರೆಕ್ಟ್ ಸೆಲ್ಲಿಂಗ್) ನಿಯಮಗಳು ಬಂದವು. ಅದರ ಪ್ರಕಾರ, ತಾನು ನಿಯಮ ಪಾಲಿಸುತ್ತೇನೆ, ಪಿರಮಿಡ್ ಅಥವಾ ಮನಿ ಸರ್ಕ್ಯುಲೇಷನ್ ಸ್ಕೀಮ್ (ಹೊಸಬರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಯೋಜನೆ) ನಡೆಸುವುದಿಲ್ಲ ಎಂದು ಕಂಪನಿ ತಾನೇ ಘೋಷಣೆ ಬರೆದುಕೊಡಬೇಕು. ಆ ಘೋಷಣೆಗೇ ಸೀಲು ಹಾಕಿ ಫ್ರೇಮ್ ಮಾಡಿದರೆ ಅದು ಲೈಸೆನ್ಸ್ ಆಗುವುದಿಲ್ಲ. ಜಿಎಸ್‌ಟಿ ನಂಬರ್ ತೆರಿಗೆಗೆ, ಪುಡಿ ಡಬ್ಬದ ಮೇಲಿನ ಎಫ್‌ಎಸ್‌ಎಸ್‌ಎಐ ನಂಬರ್ ಆಹಾರಕ್ಕೆ. ಪ್ಲಾನ್ ಕಾನೂನುಬದ್ಧವೇ ಎಂಬುದನ್ನು ಇವೆರಡೂ ಹೇಳುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅದೇ ನಿಯಮಗಳಲ್ಲಿ "ಮಾರಾಟಗಾರರ ಜಾಲ" ಎಂದರೇನು ಎಂದು ಹೇಳುವಲ್ಲಿ ಒಂದು ಷರತ್ತು ಇದೆ: ಜಾಲದಲ್ಲಿರುವವರಿಗೆ ಬರುವ ಪ್ರತಿಫಲ ಸರಕು ಅಥವಾ ಸೇವೆಯ ಮಾರಾಟದಿಂದ ಮಾತ್ರ ಬಂದಿರಬೇಕು. "ಮಾತ್ರ" ಎಂಬುದನ್ನು ಬಿಡಬೇಡಿ. ಡಬ್ಬ ಮಾರುವ ಹೆಂಗಸು 800ಕ್ಕೆ ತಂದು 1,000ಕ್ಕೆ ಮಾರಿದರೆ ಅವಳಿಗೆ 200 ಉಳಿಯಿತು. ಕೊಂಡವರು ಅಡುಗೆಮನೆಯಲ್ಲಿ ಬಳಸುತ್ತಾರೆ, ಅವರು ಯಾರನ್ನೂ ಸೇರಿಸಬೇಕಾಗಿಲ್ಲ. ಅವಳು ತಯಾರು ಮಾಡಿದ ಇನ್ನೊಬ್ಬ ಮಾರಾಟಗಾರ್ತಿ ಹೊರಗಿನ ಗಿರಾಕಿಗೆ ಮಾರಿದರೆ ಆ ಮಾರಾಟದ ಮೇಲೆ ಇವಳಿಗೂ ಸ್ವಲ್ಪ ಕಮಿಷನ್ ಬರಬಹುದು. ಹಣ ಜಾಲದ ಹೊರಗಿನಿಂದ ಒಳಗೆ ಬರುತ್ತಿದೆ. ನಿಮ್ಮ ತಂಗಿಗೆ ಹೇಳಿದ ಪ್ಲಾನಿನಲ್ಲಿ ಹೊರಗಿನ ಗಿರಾಕಿ ಎಲ್ಲಿದ್ದಾನೆ? 500 ಬರುವುದು ಇಬ್ಬರು ಸೇರಿದಾಗ. ಬಟ್ಟೆ, ಪುಡಿ ಸೇರುವವರಿಗೇ ಹೋಗುತ್ತದೆ. ಸೇರುವ ಇರಾದೆಯೇ ಇಲ್ಲದ ಒಬ್ಬ, ಆ ಬಟ್ಟೆ ಮತ್ತು ಪುಡಿಗೆ 8,500 ಕೊಡುತ್ತಾನೆಯೇ? ಇಲ್ಲವೆಂದಾದರೆ ಸಾಮಾನು ಬರೀ ಹೊದಿಕೆ, ಹಣ ಕೊಡುವುದು ಸೇರ್ಪಡೆಗೆ.

ತಿಂಗಳ 1,500ರ ಖರೀದಿಯನ್ನೂ ಇದೇ ರೀತಿ ನೋಡಿ. ಕಮಿಷನ್ ನಿಲ್ಲಬಾರದೆಂದು ಕೊಳ್ಳುವ ಸಾಮಾನು ಗಿರಾಕಿಗೆ ಹೋಗುವುದಿಲ್ಲ, ಮಂಚದ ಅಡಿಯಲ್ಲಿ ಉಳಿಯುತ್ತದೆ. ಕಂಪನಿಯ ಪುಸ್ತಕದಲ್ಲಿ ಮಾತ್ರ ಅದು "ಮಾರಾಟ". ಪುಡಿ ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ ಎಂದೇನಾದರೂ ಹೇಳಿದರೆ ಅದು ಬೇರೆಯೇ ಅಪರಾಧ, 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯದು.

ಉತ್ತರ 2: ಲೆಕ್ಕದ_ಮಾಷ್ಟ್ರು

ಈ ಪ್ಲಾನನ್ನು ಲೆಕ್ಕ ಹಾಕಿ ನೋಡುವ. ಕಂಪನಿ ಹೇಳುವ ಹಾಗೆಯೇ, ಯಾರೂ ತಪ್ಪಿಹೋಗದೆ, ಎಡ-ಬಲ ಸರಿಸಮ ತುಂಬಿ ಹತ್ತು ಸಾಲು ಆಯಿತು ಅಂತ ಇಟ್ಟುಕೊಳ್ಳಿ. 1, 2, 4, 8 ಹೀಗೆ ಹತ್ತನೇ ಸಾಲಿನಲ್ಲಿ 512. ಒಟ್ಟು 1,023 ಜನ. ಕಟ್ಟಿದ ಹಣ 86,95,500 ರೂಪಾಯಿ.

8,500 ವಾಪಸ್ ಬರಬೇಕಾದರೆ 17 ಜೋಡಿ ಬೇಕು, ಅಂದರೆ ಕೆಳಗೆ 34 ಜನ. ನಿಮ್ಮ ಕೆಳಗೆ ನಾಲ್ಕು ಸಾಲು ತುಂಬಿದರೂ 30 ಜನ, 15 ಜೋಡಿ, 7,500 ರೂಪಾಯಿ. ಇನ್ನೂ 1,000 ಕಡಿಮೆ. ಐದನೆಯ ಸಾಲು ತುಂಬಿದ ಮೇಲೆಯೇ ಗಂಟು ಕೈಸೇರುವುದು. ಹಾಗಾಗಿ ಕೆಳಗಿನ ಐದು ಸಾಲಿನ ಯಾರಿಗೂ ಹಣ ಪೂರ್ತಿ ಬಂದಿರುವುದಿಲ್ಲ. ಆ ಐದು ಸಾಲಿನಲ್ಲಿ ಇರುವವರು 992 ಜನ. ಗೆದ್ದವರು ಮೇಲಿನ 31 ಮಂದಿ ಮಾತ್ರ. ನೂರಕ್ಕೆ 97 ಜನ ನಷ್ಟದಲ್ಲಿ, ಅದೂ ತಿಂಗಳ 1,500 ಸೇರಿಸದೆ. ಬಟ್ಟೆ, ಪುಡಿಗೆ ಪೇಟೆಯಲ್ಲಿ 2,500 ಬೆಲೆ ಅಂತ ಕಳೆದು 6,000 ಮಾತ್ರ ಬಂದರೆ ಸಾಕು ಅಂದರೂ 960 ಜನ ಹೊರಗೇ ಉಳಿಯುತ್ತಾರೆ.

ಇದರಲ್ಲಿ ಯಾರ ಸೋಮಾರಿತನದ ಪ್ರಶ್ನೆಯೂ ಇಲ್ಲ. "ಕೆಲಸ ಮಾಡದವರಿಗೆ ಬರುವುದಿಲ್ಲ" ಅಂತ ಮೀಟಿಂಗಿನಲ್ಲಿ ಹೇಳ್ತಾರಲ್ಲ, ಅದು ತುಂಬ ಅನ್ಯಾಯದ ಮಾತು. ಇಲ್ಲಿ ಕೊನೆಯ ಸಾಲಿನವರನ್ನು ಬಿಟ್ಟು ಪ್ರತಿಯೊಬ್ಬನೂ ಇಬ್ಬರನ್ನು ಸೇರಿಸಿದ್ದಾನೆ. ಆದರೂ ಹೀಗೆ. ಕೊನೆಯ ಸಾಲಿನ 512 ಜನರೂ ಗಂಟು ಪಡೆಯಬೇಕಾದರೆ ಇನ್ನೂ 31,744 ಜನ ಸೇರಬೇಕು, ಆಗ ಆ ಹೊಸಬರೆಲ್ಲ ನಷ್ಟದಲ್ಲಿ. ಇದನ್ನೇ ಮುಂದುವರಿಸಿದರೆ ಮೊದಲಿಗನ ಕೆಳಗಿನ 21ನೇ ಸಾಲಿಗೆ 20,97,152 ಜನ ಬೇಕು. 2011ರ ಜನಗಣತಿಯಲ್ಲಿ ಮಕ್ಕಳುಮರಿ ಸೇರಿ ಇಡೀ ದಕ್ಷಿಣ ಕನ್ನಡದಲ್ಲಿ ಇದ್ದವರು 20,89,649.

ಹತ್ತು ಸಾಲಿಗೆ ಕೊಡಬೇಕಾದ ಕಮಿಷನ್ 4,097 ಜೋಡಿಗೆ 20,48,500. ಸುಮಾರು 87 ಲಕ್ಷದಲ್ಲಿ ಸಾಮಾನಿನ ಖರ್ಚು, ಈ ಕಮಿಷನ್ ಬಿಟ್ಟು ಉಳಿದದ್ದು ಕಂಪನಿಗೆ. ದಿನಕ್ಕೆ ಹತ್ತು ಜೋಡಿ ಅನ್ನುವ ಮಿತಿ ಯಾಕೆ ಗೊತ್ತುಂಟಾ? ಒಂದು ಜೋಡಿ ಸೇರಿದಾಗ 17,000 ಬರ್ತದೆ, ಆದರೆ ಮೇಲಿನ ಸಾಲುಗಳ ಪ್ರತಿಯೊಬ್ಬನಿಗೂ 500 ಹೋಗಬೇಕು. ಸಾಲು ಉದ್ದವಾದಷ್ಟೂ ಕೊಡುವುದು ಹೆಚ್ಚಾಗ್ತದೆ, 34 ಸಾಲಿಗೆ ಪೂರ್ತಿ 17,000 ಖಾಲಿ. ಅದಕ್ಕೇ ಸೀಲಿಂಗ್. ಎಡಗಡೆ ನೂರು, ಬಲಗಡೆ ಮೂರು ಇದ್ದರೆ ಮೂರಕ್ಕೆ ಮಾತ್ರ ದುಡ್ಡು ಕೊಡುವುದೂ ಇದಕ್ಕೇ. ಬಲ ತುಂಬಿಸಲಿಕ್ಕೆಂದು ಗಂಡನ ಹೆಸರಲ್ಲಿ, ಅತ್ತೆಯ ಹೆಸರಲ್ಲಿ ಐಡಿ ಮಾಡಿ ಇನ್ನೂ 8,500, 8,500 ಕಟ್ಟುವವರು ಇದ್ದಾರೆ. ಬೀಡಿ ಕಟ್ಟಿದ ಹಣ, ಸಂಘದ ಸಾಲ, ಒತ್ತೆಯಿಟ್ಟ ಬಂಗಾರ ಹೋಗುವುದು ಹೆಚ್ಚಾಗಿ ಹೀಗೆ.

ಸುರತ್ಕಲ್_ಅಣ್ಣ

ಲೆಕ್ಕ ನೋಡಿ ತಂಗಿ ಸುಮ್ಮನಾದಳು. ಆದರೆ ಪಕ್ಕದ ಮನೆಯ ಅಕ್ಕ ಮೊನ್ನೆಯೇ ಕಟ್ಟಿಯಾಯಿತು, ಇಬ್ಬರನ್ನು ಸೇರಿಸಿಯೂ ಆಯಿತು. ಹಣ ವಾಪಸ್ ಸಿಕ್ತದಾ? ಮತ್ತೆ ಈ ತಿಂಗಳಿಗೆ 1,000 ಕಟ್ಟುವ ಲಕ್ಕಿ ಸ್ಕೀಮ್‌ಗಳೂ ಇದೇ ಜಾತಿಯವಾ?

ಉತ್ತರ 3: ಕುಂದಾಪ್ರ_ವಕೀಲ

ಅಕ್ಕನಿಗೆ ಹೇಳಿ, ಇನ್ನು ಒಬ್ಬರನ್ನೂ ಸೇರಿಸಬಾರದು. 1978ರ ಪ್ರೈಜ್ ಚಿಟ್ಸ್ ಆ್ಯಂಡ್ ಮನಿ ಸರ್ಕ್ಯುಲೇಷನ್ ಸ್ಕೀಮ್ಸ್ ನಿಷೇಧ ಕಾಯ್ದೆಯ 3ನೇ ಸೆಕ್ಷನ್ ನಡೆಸುವವರನ್ನು ಮಾತ್ರ ಹಿಡಿಯುವುದಲ್ಲ. ಸದಸ್ಯರಾಗುವುದು, ಅದರ ಹಣ ಪಡೆಯುವುದು, ಕಳಿಸುವುದೂ ನಿಷಿದ್ಧ. 4ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು, 5,000ದವರೆಗೆ ದಂಡ ಅಥವಾ ಎರಡೂ. ಮೋಸ ಹೋದವರೇ ತಿಳಿಯದೆ ಆರೋಪಿಯಾಗುವುದು ಇಲ್ಲಿಯೇ. ಸೇರಿಸಿದ ಆ ಇಬ್ಬರಿಗೂ ಇವತ್ತೇ ವಿಷಯ ತಿಳಿಸಿ, ಅವರೂ ಒಟ್ಟಿಗೆ ಅರ್ಜಿ ಕೊಡಲಿ.

ಮೊದಲ ಕೆಲಸ, ಪೊಟ್ಟಣ ಒಡೆಯಬೇಡಿ. ಬಟ್ಟೆ ಹೊಲಿಸಿದರೆ, ಪುಡಿಯ ಸೀಲು ಒಡೆದರೆ ಅದೇ ನೆಪ ಹೇಳಿ ಹಣ ಹಿಡಿದಿಡುತ್ತಾರೆ. ಕರಾರುಪತ್ರ ಇದ್ದರೆ ಅದರಲ್ಲಿ "ಕೂಲಿಂಗ್ ಆಫ್" ಅವಧಿ ಎಷ್ಟು ದಿನ ಅಂತ ನೋಡಿ. ಆ ದಿನಗಳೊಳಗೆ ದಂಡವಿಲ್ಲದೆ ಕರಾರು ಬಿಡಬಹುದು. ಕರಾರುಪತ್ರ ಕೊಡದೆಯೇ ಸೇರಿಸಿಕೊಂಡಿದ್ದರೆ ಅದುವೇ 2021ರ ನಿಯಮಗಳ ಉಲ್ಲಂಘನೆ, ಯಾಕೆಂದರೆ ಲಿಖಿತ ಕರಾರು, ಗುರುತಿನ ಚೀಟಿ ಎರಡೂ ಕಡ್ಡಾಯ.

ಕಂಪನಿಯ ವೆಬ್‌ಸೈಟಿನಲ್ಲಿ ದೂರು ಅಧಿಕಾರಿಯ ಹೆಸರು, ಇಮೇಲ್ ಇರಲೇಬೇಕು. ಅಲ್ಲಿಗೆ ಇಮೇಲ್ ಮಾಡಿ, ಅದರ ಪ್ರತಿಯನ್ನು ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ. ಐಡಿ ನಂಬರ್, ಕಟ್ಟಿದ ದಿನ, ಮೊತ್ತ, ಯುಪಿಐ ವ್ಯವಹಾರದ ನಂಬರ್, "ಕರಾರು ರದ್ದು ಮಾಡುತ್ತೇನೆ, ಹಣ ಮರಳಿಸಿ, ಸಾಮಾನು ಒಪ್ಪಿಸಲು ಸಿದ್ಧ" ಎಂಬ ಮಾತು ಇರಲಿ. ದೂರಿಗೆ ಟಿಕೆಟ್ ನಂಬರ್ ಕೊಡಬೇಕು, 48 ಕೆಲಸದ ಗಂಟೆಗಳಲ್ಲಿ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಅಪ್‌ಲೈನ್‌ನ ಸ್ವಂತ ಖಾತೆಗೆ ಹಣ ಹೋಗಿದೆಯಲ್ಲ, "ನಮಗೆ ಬಂದೇ ಇಲ್ಲ" ಎಂದು ಕಂಪನಿ ಹೇಳುವ ಸಾಧ್ಯತೆ ಹೆಚ್ಚು. ಅದಕ್ಕೇ "ಈ ನಂಬರಿಗೆ ಹಾಕಿ" ಎಂದು ಹೇಳಿದ ವಾಟ್ಸ್ಆ್ಯಪ್ ಮಾತುಕತೆ ಅಳಿಸಬೇಡಿ. ಗ್ರೂಪಿನಿಂದ ಹೊರಬರುವ ಮೊದಲೇ ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಮೇಲೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ದೂರುದಾರರು ವಾಸವಿರುವ ಊರಲ್ಲೇ ದಾವೆ ಹಾಕಬಹುದು, ಕಂಪನಿ ದೆಹಲಿಯಲ್ಲಿದ್ದರೂ ಅಡ್ಡಿಯಿಲ್ಲ. 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ಒಂದು ಎಚ್ಚರಿಕೆ: "ಮರುಮಾರಾಟಕ್ಕೆ ಕೊಂಡಿದ್ದಾರೆ, ಗ್ರಾಹಕರೇ ಅಲ್ಲ" ಎಂದು ಎದುರು ಪಕ್ಷ ವಾದಿಸುತ್ತದೆ. ಸ್ವಂತ ಜೀವನೋಪಾಯಕ್ಕೆ ಮಾಡಿದ ಖರೀದಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಅದನ್ನು ದೂರಿನಲ್ಲಿ ಮೊದಲೇ ಬರೆದಿಡಿ. ಜೊತೆಗೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು ಹಿಂಬರಹ ತೆಗೆದುಕೊಳ್ಳಿ. ಕಟ್ಟಿ ಒಂದೆರಡು ದಿನವಷ್ಟೇ ಆಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ, ಖಾತೆಯಲ್ಲಿ ಉಳಿದ ಹಣವಾದರೂ ತಡೆಹಿಡಿಯಲು ಸಾಧ್ಯ.

ಲಕ್ಕಿ ಸ್ಕೀಮ್ ಪಿರಮಿಡ್ ಅಲ್ಲ, ಆದರೆ ಅದೇ 1978ರ ಕಾಯ್ದೆಯ ಇನ್ನೊಂದು ಅರ್ಧ. ಕಂತಿನಲ್ಲಿ ಹಣ ಸಂಗ್ರಹಿಸಿ, ತಿಂಗಳಿಗೊಮ್ಮೆ ಚೀಟಿ ಎತ್ತಿ ಕೆಲವರಿಗೆ ಕಾರು, ಬಂಗಾರ ಕೊಟ್ಟು, ಉಳಿದವರಿಗೆ ಕೊನೆಗೆ ಹಣವನ್ನೋ ಅದರ ಒಂದು ಭಾಗವನ್ನೋ ಮರಳಿಸುವುದಕ್ಕೆ ಅದರಲ್ಲಿ "ಪ್ರೈಜ್ ಚಿಟ್" ಎಂದು ಹೆಸರು. 1982ರ ಚಿಟ್ ಫಂಡ್ ಕಾಯ್ದೆಯಡಿ ರಿಜಿಸ್ಟ್ರಾರರಲ್ಲಿ ನೋಂದಾಯಿಸಿದ ಚಿಟ್ಟಿ ಬೇರೆ. ಅಲ್ಲಿ ಪ್ರತಿ ಚಂದಾದಾರನಿಗೂ ಒಂದು ಸರದಿ ಚಿಟ್ಟಿಯ ಹಣ ಸಿಗುತ್ತದೆ. ಲಕ್ಕಿ ಸ್ಕೀಮ್‌ಗೆ ಕಟ್ಟುತ್ತಿದ್ದರೆ ಪ್ರತಿ ಕಂತಿನ ರಸೀದಿ, ಪಾಸ್‌ಬುಕ್ ಜೋಪಾನ ಮಾಡಿ. ಕಚೇರಿ ಬಾಗಿಲು ಹಾಕಿದ ದಿನ ಠಾಣೆಯಲ್ಲಿ ಮೊದಲು ಕೇಳುವುದು ಅದನ್ನೇ.